ಆರು ವೋಲ್ಟ್ ಬ್ಯಾಟರಿ ಸೋತಾಗ: ಹಳೆಯ ಕಾರಿನಲ್ಲಿ ದೋಷ ಹುಡುಕುವ ಕ್ರಮ

ಹಳೆಯ ಕಾರಿಗೆ ಸೆಲ್ಫ್ ಹೊಡೆದಾಗ ಎಂಜಿನ್ ಅರ್ಧ ಸುತ್ತು ತಿರುಗಿ ನಿಂತುಬಿಟ್ಟರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ‘ಆರು ವೋಲ್ಟ್ ಅಲ್ಲವೇ, ಅದಕ್ಕೇ ಹೀಗೆ, ಹನ್ನೆರಡಕ್ಕೆ ಬದಲಾಯಿಸಿಬಿಡಿ’ ಎಂಬ ಸಲಹೆಯೂ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಫೋರ್ಡ್ ಮಾಡೆಲ್ ಎ ಕಾರುಗಳು ಓಡಿದ್ದು ಆರು ವೋಲ್ಟಿನಲ್ಲಿ. ಅಮೆರಿಕದ ಫೋರ್ಡ್ ಕಾರುಗಳು 1955ರ ಮಾದರಿಯವರೆಗೆ, ಷೆವರ್ಲೆ ಕಾರುಗಳು 1954ರ ಮಾದರಿಯವರೆಗೆ, ಫೋಕ್ಸ್‌ವ್ಯಾಗನ್ ಬೀಟಲ್‌ಗಳಲ್ಲಿ ಬಹುಪಾಲು 1960ರ ದಶಕದ ನಡುವಿನವರೆಗೆ ಆರು ವೋಲ್ಟನ್ನೇ ನೆಚ್ಚಿಕೊಂಡಿದ್ದವು. ಹೊಸದಾಗಿದ್ದಾಗ ಅವು ಹಿಮ ಬೀಳುವ ಊರುಗಳಲ್ಲೂ ಬೆಳಗಿನ ಜಾವ ಸ್ಟಾರ್ಟ್ ಆಗುತ್ತಿದ್ದವು. ಅಂದು ಸಾಕಾಗಿದ್ದ ವೋಲ್ಟೇಜು ಇಂದು ಸಾಲದೆ ಹೋಗಿದ್ದರೆ ನಡುವೆ ಏನೋ ಕೆಟ್ಟಿದೆ ಎಂದಷ್ಟೇ ಅರ್ಥ. ಕೆಟ್ಟಿರುವುದು ಬ್ಯಾಟರಿಯೇ ಆಗಿರಬೇಕಿಲ್ಲ. ಎಷ್ಟೋ ಕಾರುಗಳಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಕೇಬಲ್ ಹಾಳಾಗಿದ್ದಕ್ಕೆ ಬ್ಯಾಟರಿ ಬದಲಾಗುತ್ತದೆ. ಹೊಸ ಬ್ಯಾಟರಿಯ ಹುರುಪಿನಲ್ಲಿ ಕಾರು ಕೆಲವು ದಿನ ಓಡಿ ಮತ್ತೆ ಅದೇ ರಾಗ ಎಳೆಯುತ್ತದೆ.

ಆದ್ದರಿಂದ ಅಳತೆ ಮೊದಲು, ಖರೀದಿ ಕೊನೆಗೆ. ಈ ಲೇಖನದ ಕ್ರಮ ಅದೇ.

ಆರು ವೋಲ್ಟಿಗೆ ಇಷ್ಟು ಮುತುವರ್ಜಿ ಏಕೆ

ಒಂದು ಸಣ್ಣ ಲೆಕ್ಕ ಮಾಡೋಣ. ಸ್ಟಾರ್ಟರ್ ಮೋಟರ್‌ಗೆ 1,200 ವಾಟ್ ಬೇಕು ಎಂದುಕೊಳ್ಳಿ. ಹನ್ನೆರಡು ವೋಲ್ಟಿನಲ್ಲಿ ಅದಕ್ಕೆ 100 ಆಂಪಿಯರ್ ಸಾಕು, ಆರು ವೋಲ್ಟಿನಲ್ಲಿ 200 ಬೇಕು. ದಾರಿಯಲ್ಲಿ ಎಲ್ಲೋ ಒಂದು ಜೋಡಣೆಗೆ ತುಕ್ಕು ಹಿಡಿದು 0.005 ಓಮ್ ಪ್ರತಿರೋಧ ಉಂಟಾಗಿದೆ. ಹನ್ನೆರಡು ವೋಲ್ಟಿನ ಕಾರಿನಲ್ಲಿ ಅಲ್ಲಿ ನಷ್ಟವಾಗುವುದು ಅರ್ಧ ವೋಲ್ಟ್, ಅಂದರೆ ಒಟ್ಟು ವೋಲ್ಟೇಜಿನ ಇಪ್ಪತ್ತನಾಲ್ಕನೆಯ ಒಂದು ಭಾಗ. ಚಾಲಕನಿಗೆ ಗೊತ್ತೂ ಆಗುವುದಿಲ್ಲ. ಆರು ವೋಲ್ಟಿನ ಕಾರಿನಲ್ಲಿ ಅದೇ ಜೋಡಣೆ ಇಡೀ ಒಂದು ವೋಲ್ಟನ್ನು ನುಂಗುತ್ತದೆ, ಅಂದರೆ ಆರರಲ್ಲಿ ಒಂದು ಪಾಲು. ತುಕ್ಕು ಅಷ್ಟೇ, ಪೆಟ್ಟು ಮಾತ್ರ ನಾಲ್ಕು ಪಟ್ಟು. ಸಾಮಾನ್ಯ ಮಲ್ಟಿಮೀಟರ್‌ನ ಓಮ್ ಅಳತೆಯಲ್ಲಿ 0.005 ಓಮ್ ಕಾಣುವುದೇ ಇಲ್ಲ. ‘ಕೇಬಲ್ ಚೆಕ್ ಮಾಡಿದೆ, ಸರಿಯಾಗಿದೆ’ ಎನ್ನುವವರು ಬಹುತೇಕ ಈ ಅಳತೆಯನ್ನು ನಂಬಿದವರು.

ಕೈಗೆ ಬೇಕಾದವು

ಡಿಜಿಟಲ್ ಮಲ್ಟಿಮೀಟರ್, ಬ್ಯಾಟರಿಯ ದ್ರಾವಣ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂದು ಅಳೆಯುವ ಗಾಜಿನ ಹೈಡ್ರೋಮೀಟರ್, ಆರು ವೋಲ್ಟಿನ ಟೆಸ್ಟ್ ಲ್ಯಾಂಪ್, ಆರು ವೋಲ್ಟಿನ ಚಾರ್ಜರ್, ತಂತಿಯ ಬ್ರಷ್, ಎಮರಿ ಪೇಪರ್, ಅಡುಗೆ ಸೋಡಾ, ಡಿಸ್ಟಿಲ್ಡ್ ವಾಟರ್, ಸ್ವಲ್ಪ ವ್ಯಾಸಲೀನ್. ಜೊತೆಗೆ ಸೆಲ್ಫ್ ಹೊಡೆಯಲು ಇನ್ನೊಬ್ಬರು ಇದ್ದರೆ ಅನುಕೂಲ. ಮೀಟರ್ ನೋಡುವವರು ಒಬ್ಬರು, ಸ್ವಿಚ್ ಒತ್ತುವವರು ಒಬ್ಬರು.

ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಒಂದು ಕಿಡಿ ಸಾಕು ಅದು ಸಿಡಿಯಲು. ಉಂಗುರ, ಕೈಗಡಿಯಾರ ತೆಗೆದಿಡಿ. ಆರು ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಸ್ಪ್ಯಾನರ್ ಮತ್ತು ಉಂಗುರದ ನಡುವೆ ನೂರಾರು ಆಂಪಿಯರ್ ಹರಿದರೆ ಬೆರಳು ಸುಡುವುದಕ್ಕೆ ಒಂದು ಕ್ಷಣ ಸಾಕು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಿಮ್ಮ ಕಾರಿನಲ್ಲಿ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿರುವುದು ಬ್ಯಾಟರಿಯ ಪಾಸಿಟಿವ್ ತುದಿಯೋ ನೆಗೆಟಿವ್ ತುದಿಯೋ ನೋಡಿಕೊಳ್ಳಿ. ಮಾಡೆಲ್ ಎ ಮತ್ತು ಅದರ ನಂತರದ ಆರು ವೋಲ್ಟಿನ ಅಮೆರಿಕನ್ ಫೋರ್ಡ್‌ಗಳಲ್ಲಿ ಅದು ಪಾಸಿಟಿವ್. ಷೆವರ್ಲೆ ಮತ್ತು ಬೀಟಲ್‌ಗಳಲ್ಲಿ ನೆಗೆಟಿವ್. ಕೇಬಲ್ಲಿನ ಬಣ್ಣ ನೋಡಿ ತೀರ್ಮಾನಿಸಬೇಡಿ, ಇಷ್ಟು ವರ್ಷಗಳಲ್ಲಿ ಯಾರು ಯಾವ ಬಣ್ಣದ ಕೇಬಲ್ ಹಾಕಿದ್ದಾರೋ ಹೇಳಲಾಗದು. ಯಾವ ತುದಿ ಬಾಡಿಗೆ ಸೇರಿದ್ದರೂ ನಿಯಮ ಒಂದೇ: ಬಿಚ್ಚುವಾಗ ಅರ್ಥಿಂಗ್ ಕೇಬಲ್ (ಬಾಡಿಗೆ ಸೇರುವ ಕೇಬಲ್) ಮೊದಲು, ಜೋಡಿಸುವಾಗ ಅರ್ಥಿಂಗ್ ಕೇಬಲ್ ಕೊನೆಗೆ.

ಹಂತ 1: ಮೊದಲು ಹೆಡ್‌ಲೈಟ್ ನೋಡಿ

ಮೀಟರ್ ಹಿಡಿಯುವ ಮೊದಲು ಹೆಡ್‌ಲೈಟ್ ಹಾಕಿ, ಗೋಡೆಯ ಮೇಲೆ ಬೀಳುವ ಬೆಳಕನ್ನು ಗಮನಿಸುತ್ತ ಸೆಲ್ಫ್ ಹೊಡೆಯಿರಿ. ದೀಪ ಪೂರ್ತಿ ಆರಿ, ಸ್ವಿಚ್ ಬಿಟ್ಟೊಡನೆ ಮತ್ತೆ ಬೆಳಗಿದರೆ ಬ್ಯಾಟರಿಯ ಬಳಿಯೇ ಯಾವುದೋ ಜೋಡಣೆ ಸಡಿಲವಾಗಿದೆ ಅಥವಾ ಒಂದು ಸೆಲ್ ಸತ್ತಿದೆ. ದೀಪ ತೀರಾ ಮಂಕಾಗಿ ಎಂಜಿನ್ ನಿಧಾನಕ್ಕೆ ತಿರುಗಿದರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಇಲ್ಲವೇ ಸ್ಟಾರ್ಟರ್ ಮಿತಿಮೀರಿ ಕರೆಂಟ್ ಎಳೆಯುತ್ತಿದೆ. ದೀಪ ಹೆಚ್ಚು ಮಂಕಾಗದೆ ಎಂಜಿನ್ ಮಾತ್ರ ನಿಧಾನವಾಗಿದ್ದರೆ ಕರೆಂಟು ಸ್ಟಾರ್ಟರ್‌ವರೆಗೆ ತಲುಪುತ್ತಿಲ್ಲ. ದೋಷ ಕೇಬಲ್, ಸ್ವಿಚ್ ಅಥವಾ ಅರ್ಥಿಂಗ್‌ನಲ್ಲಿದೆ. ಇದು ತೀರ್ಪಲ್ಲ, ಯಾವ ಕಡೆ ಮೊದಲು ಕೈ ಹಾಕಬೇಕು ಎಂಬ ಸುಳಿವು.

ಹಂತ 2: ತುಂಬಿಸಿ, ಬಿಡಿ, ಆಮೇಲೆ ಅಳೆಯಿರಿ

ಅರೆಬರೆ ಚಾರ್ಜ್ ಆಗಿರುವ ಬ್ಯಾಟರಿಯನ್ನು ಪರೀಕ್ಷಿಸಿ ಏನೂ ತಿಳಿಯುವುದಿಲ್ಲ. ಮೊದಲು ಅದನ್ನು ಪೂರ್ತಿ ಚಾರ್ಜ್ ಮಾಡಿ. ಆಂಪಿಯರ್-ಗಂಟೆ ಲೆಕ್ಕದ ಸಾಮರ್ಥ್ಯದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕರೆಂಟ್ ಕೊಡಬೇಡಿ: 100 ಆಂಪಿಯರ್-ಗಂಟೆಯ ಬ್ಯಾಟರಿಗೆ ಹತ್ತು ಆಂಪಿಯರ್ ಮೇಲ್ಮಿತಿ, ನಾಲ್ಕೈದು ಇನ್ನೂ ಒಳ್ಳೆಯದು. ಬಹಳ ದಿನ ಸುಮ್ಮನೆ ನಿಂತ ಕಾರಾದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿರುತ್ತದೆ; ನಿಧಾನದ ಚಾರ್ಜು ಅದನ್ನು ಸ್ವಲ್ಪವಾದರೂ ಕರಗಿಸಬಲ್ಲದು, ಜೋರಿನ ಚಾರ್ಜು ಬ್ಯಾಟರಿಯನ್ನು ಕುದಿಸುತ್ತದೆ ಅಷ್ಟೆ. ಹನ್ನೆರಡು ವೋಲ್ಟಿನ ಚಾರ್ಜರನ್ನು ‘ಸ್ವಲ್ಪ ಹೊತ್ತು’ ಎಂದು ಕೂಡ ಹಾಕಬಾರದು. ಇಂದಿನ ಕೆಲವು ಸ್ವಯಂಚಾಲಿತ ಚಾರ್ಜರ್‌ಗಳು ಬ್ಯಾಟರಿ ತೀರಾ ಇಳಿದಿದ್ದರೆ ಅದನ್ನು ಗುರುತಿಸದೆ ಚಾರ್ಜನ್ನೇ ಶುರುಮಾಡುವುದಿಲ್ಲ. ಅಂಥ ಕಡೆ ಹಳೆಯ ಮಾದರಿಯ ಸಾದಾ ಚಾರ್ಜರನ್ನು ಕಣ್ಣೆದುರೇ ಸ್ವಲ್ಪ ಹೊತ್ತು ಹಾಕಿ, ವೋಲ್ಟೇಜು ಏರಿದ ಮೇಲೆ ಸ್ವಯಂಚಾಲಿತ ಚಾರ್ಜರ್‌ಗೆ ಬದಲಾಯಿಸಬಹುದು.

ಚಾರ್ಜಿಗೆ ಮುನ್ನ ಪ್ಲೇಟುಗಳು ನೀರಿನಿಂದ ಮೇಲೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಪೂರ್ತಿ ಮಟ್ಟಕ್ಕೆ ತುಂಬಿಸುವುದು ಚಾರ್ಜ್ ಆದ ನಂತರ; ಚಾರ್ಜ್ ಆಗುವಾಗ ದ್ರಾವಣ ಉಬ್ಬುತ್ತದೆ, ಮೊದಲೇ ತುಂಬಿಸಿದ್ದರೆ ಆಮ್ಲ ಹೊರಚೆಲ್ಲುತ್ತದೆ. ನಲ್ಲಿ ನೀರು ಬೇಡ.

ಚಾರ್ಜ್ ಆದ ಮೇಲೆ ಒಂದು ರಾತ್ರಿ ಸುಮ್ಮನೆ ಬಿಡಿ. ಆಗ ಅಳೆದ ವೋಲ್ಟೇಜು ನಿಜ ಹೇಳುತ್ತದೆ. ಆರು ವೋಲ್ಟ್ ಎಂದು ಕರೆದರೂ ಒಳಗಿರುವ ಮೂರು ಸೆಲ್‌ಗಳು ತಲಾ ಸುಮಾರು 2.1 ವೋಲ್ಟ್ ಕೊಡುತ್ತವೆ, ಆದ್ದರಿಂದ ತುಂಬಿದ ಬ್ಯಾಟರಿ 6.3 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ತೋರಿಸಬೇಕು. 6.2 ಎಂದರೆ ಮುಕ್ಕಾಲು, 6.1 ಎಂದರೆ ಅರ್ಧ. ಸರಿಯಾಗಿ 6.0 ತೋರಿಸಿದರೆ ಸಮಾಧಾನ ಪಡುವವರಿದ್ದಾರೆ. ಅದು ಕಾಲು ಭಾಗವೂ ಉಳಿದಿರದ ಬ್ಯಾಟರಿ. ನಾಲ್ಕೂಕಾಲರ ಆಸುಪಾಸು ಬಂದರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ ಎಂದು ತಿಳಿಯಿರಿ. ಅದಕ್ಕೆ ಮದ್ದಿಲ್ಲ.

ಹಂತ 3: ಹೈಡ್ರೋಮೀಟರ್

ಮಲ್ಟಿಮೀಟರ್ ಮೂರು ಸೆಲ್‌ಗಳ ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ. ಯಾವ ಸೆಲ್ ಸೋಂಬೇರಿ ಎಂದು ಹೇಳುವುದು ಹೈಡ್ರೋಮೀಟರ್. ಹಳೆಯ ಕಾಲದ ಟಾರು ಮುಚ್ಚಿದ ಬ್ಯಾಟರಿಗಳಲ್ಲಿ ಸೆಲ್‌ಗಳನ್ನು ಜೋಡಿಸುವ ಸೀಸದ ಪಟ್ಟಿ ಮೇಲೆಯೇ ಇದ್ದು ಒಂದೊಂದರ ವೋಲ್ಟೇಜನ್ನೂ ಬೇರೆಬೇರೆಯಾಗಿ ಅಳೆಯಬಹುದಿತ್ತು. ಈಗಿನ ಮುಚ್ಚಿದ ಮೈಯ ಬ್ಯಾಟರಿಗಳಲ್ಲಿ ಆ ಸವಲತ್ತಿಲ್ಲ.

ಮುಚ್ಚಳ ತೆಗೆದು ರಬ್ಬರ್ ಬುರುಡೆಯನ್ನು ಒತ್ತಿ, ತೇಲುಗಡ್ಡಿ ಗಾಜಿನ ಗೋಡೆಗೆ ತಾಗದೆ ತೇಲುವಷ್ಟು ದ್ರಾವಣ ಎಳೆದುಕೊಳ್ಳಿ. ಗುಳ್ಳೆಗಳು ಅಂಟಿದ್ದರೆ ಬೆರಳಿನಿಂದ ಮೆಲ್ಲನೆ ತಟ್ಟಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ. ತುಂಬಿದ ಸೆಲ್ 1.265ರ ಹತ್ತಿರ ತೋರಿಸಬೇಕು. 1.190 ಎಂದರೆ ಅರ್ಧ, 1.120 ಎಂದರೆ ಖಾಲಿ. ಈ ಅಂಕಿಗಳು 27 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿದವು. ಅದಕ್ಕಿಂತ ಪ್ರತಿ ಐದೂವರೆ ಡಿಗ್ರಿ ತಣ್ಣಗಿದ್ದಾಗ 0.004 ಕಳೆಯಬೇಕು, ಬೆಚ್ಚಗಿದ್ದಾಗ ಅಷ್ಟೇ ಕೂಡಿಸಬೇಕು.

ಅಂಕಿಗಿಂತ ಮುಖ್ಯ ಅಂತರ. ಮೂರೂ ಸೆಲ್ 1.220 ತೋರಿಸಿದರೆ ಬ್ಯಾಟರಿಗೆ ಇನ್ನಷ್ಟು ಚಾರ್ಜ್ ಬೇಕು ಅಷ್ಟೆ. ಎರಡು 1.260 ಇದ್ದು ಒಂದು 1.200 ಇದ್ದರೆ, ಮತ್ತೆ ಚಾರ್ಜ್ ಮಾಡಿದರೂ ಆ ಅಂತರ ಉಳಿದರೆ, ಆ ಬ್ಯಾಟರಿ ಹೋದ ಹಾಗೆಯೇ. ಸೆಲ್‌ಗಳ ನಡುವೆ 0.050ರಷ್ಟು ವ್ಯತ್ಯಾಸ ಕಂಡರೆ ಎಚ್ಚರಿಕೆ ಗಂಟೆ ಎಂದು ಭಾವಿಸಿ. ಹೊಸ ಆಮ್ಲ ಸುರಿದು ಸೆಲ್ ಬದುಕಿಸುವ ನಾಟಿ ವೈದ್ಯ ಮಾಡಬೇಡಿ. ಆಮ್ಲ ಎಲ್ಲಿಗೂ ಹೋಗಿರುವುದಿಲ್ಲ, ಸಲ್ಫೇಟ್ ರೂಪದಲ್ಲಿ ಪ್ಲೇಟಿನ ಮೇಲೆ ಕುಳಿತಿರುತ್ತದೆ. ನೀವು ಸುರಿದಿದ್ದು ಹೈಡ್ರೋಮೀಟರನ್ನು ಮೆಚ್ಚಿಸುತ್ತದೆ, ಸ್ಟಾರ್ಟರನ್ನಲ್ಲ.

ಹಂತ 4: ಹೊರೆ ಹೊರಿಸಿ ನೋಡಿ

ಬ್ಯಾಟರಿ ತುಂಬಿದೆ, ಮೂರೂ ಸೆಲ್ ಸಮನಾಗಿವೆ. ಈಗ ದುಡಿಸಿ ನೋಡಬೇಕು. ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲ್‌ನ ನಡುವಿನ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರ್‌ನಿಂದ ಕಿತ್ತು ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಟ್ಟಿ. ಮಾಡೆಲ್ ಎಯಂಥ ಕಾರುಗಳಲ್ಲಿ ಕೀಲಿಯನ್ನು ಆಫ್ ಮಾಡಿದರೂ ಕಾಲಿನ ಸ್ವಿಚ್ಚಿನಿಂದ ಸ್ಟಾರ್ಟರ್ ತಿರುಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರಿನ ಎರಡು ಮೊನೆಗಳನ್ನು ಬ್ಯಾಟರಿಯ ಸೀಸದ ಕಂಬಗಳ (ಟರ್ಮಿನಲ್) ಮೇಲೆಯೇ ಒತ್ತಿ ಹಿಡಿದು ಹತ್ತರಿಂದ ಹದಿನೈದು ಸೆಕೆಂಡ್ ಸೆಲ್ಫ್ ಹೊಡೆಸಿ.

ಬೆಚ್ಚನೆಯ ಹವೆಯಲ್ಲಿ ವೋಲ್ಟೇಜು 4.8ಕ್ಕಿಂತ ಕೆಳಗಿಳಿಯಬಾರದು. ಐದರ ಮೇಲೆ ಗಟ್ಟಿಯಾಗಿ ನಿಂತರೆ ಬ್ಯಾಟರಿ ಆರೋಗ್ಯವಾಗಿದೆ. ಶುರುವಿನಲ್ಲಿ ಐದಿದ್ದು ಸೆಕೆಂಡಿಗೊಮ್ಮೆ ಜಾರುತ್ತ ನಾಲ್ಕಕ್ಕೆ ಬಂದರೆ ಅದರ ಸಾಮರ್ಥ್ಯ ಮುಗಿಯುತ್ತ ಬಂದಿದೆ, ಅಥವಾ ಸ್ಟಾರ್ಟರ್ ರಾಕ್ಷಸನಂತೆ ಕರೆಂಟ್ ಎಳೆಯುತ್ತಿದೆ. ಯಾವುದು ಎಂದು ತಿಳಿಯಲು ಇದೇ ಬ್ಯಾಟರಿಯನ್ನು ಕಾರಿನಿಂದ ಹೊರತೆಗೆದು ಲೋಡ್ ಟೆಸ್ಟರ್ ಇರುವ ಕಡೆ ಪರೀಕ್ಷಿಸಿ: ಅದರ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್‌ನ (ಚಳಿಯಲ್ಲಿ ಸೆಲ್ಫ್ ಹೊಡೆಯಲು ಕೊಡಬಲ್ಲ ಕರೆಂಟು) ಅರ್ಧದಷ್ಟು ಹೊರೆಯನ್ನು ಹದಿನೈದು ಸೆಕೆಂಡ್ ಹೊತ್ತು 4.8ರ ಮೇಲೆ ನಿಂತರೆ ತಪ್ಪು ಬ್ಯಾಟರಿಯದ್ದಲ್ಲ. ಟೆಸ್ಟರ್‌ನಲ್ಲಿ ಆರು ವೋಲ್ಟಿನ ಆಯ್ಕೆ ಇದೆಯೇ ಎಂದು ಮೊದಲೇ ಕೇಳಿ.

ಹಂತ 5: ವೋಲ್ಟೇಜು ಎಲ್ಲಿ ಸೋರುತ್ತಿದೆ

ಇಡೀ ಕೆಲಸದ ತಿರುಳು ಇದು. ಉಳಿದ ಹಂತಗಳಲ್ಲಿ ಅವಸರ ಮಾಡಿದರೂ ಇಲ್ಲಿ ಮಾಡಬೇಡಿ.

ಕರೆಂಟ್ ಹರಿಯುವಾಗ ಮಾತ್ರ ಪ್ರತಿರೋಧ ತನ್ನನ್ನು ತೋರಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಅಳತೆಯನ್ನೂ ಸೆಲ್ಫ್ ಹೊಡೆಯುತ್ತಲೇ ತೆಗೆದುಕೊಳ್ಳಬೇಕು. ಮೀಟರ್ 20 ವೋಲ್ಟಿನ ಶ್ರೇಣಿಯಲ್ಲಿರಲಿ, ಏಕೆಂದರೆ ಸ್ವಿಚ್ ಒತ್ತುವ ಮೊದಲು ಕೆಲವು ಕಡೆ ಬ್ಯಾಟರಿಯ ಪೂರ್ಣ ವೋಲ್ಟೇಜು ಕಾಣುತ್ತದೆ. ಒತ್ತಿದ ಮೇಲೆ ಬರುವ ಅಂಕಿಯೇ ಲೆಕ್ಕಕ್ಕೆ.

ಮೊದಲ ಅಳತೆ: ಒಂದು ಮೊನೆ ಬ್ಯಾಟರಿಯ ಅರ್ಥಿಂಗ್ ಅಲ್ಲದ ಕಂಬದ ಮೇಲೆ, ಇನ್ನೊಂದು ಸ್ಟಾರ್ಟರ್‌ನ ತಾಮ್ರದ ಬೋಲ್ಟಿನ ಮೇಲೆ. ಎರಡನೆಯದು: ಬ್ಯಾಟರಿಯ ಅರ್ಥಿಂಗ್ ಕಂಬದಿಂದ ಸ್ಟಾರ್ಟರ್‌ನ ಲೋಹದ ಮೈಗೆ, ಬಣ್ಣ ಕೆರೆದ ಜಾಗದಲ್ಲಿ. ಎರಡರಲ್ಲೂ 0.2 ವೋಲ್ಟಿನೊಳಗೆ ಇದ್ದರೆ ದಾರಿ ಚೊಕ್ಕವಾಗಿದೆ. ಹೆಚ್ಚಿದ್ದರೆ ಆ ದಾರಿಯನ್ನು ತುಂಡುತುಂಡಾಗಿ ಅಳೆಯಿರಿ: ಸೀಸದ ಕಂಬದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಕೇಬಲ್ಲಿನ ಇನ್ನೊಂದು ತುದಿಗೆ, ಸ್ವಿಚ್ಚಿನ ಒಂದು ಬೋಲ್ಟಿನಿಂದ ಇನ್ನೊಂದಕ್ಕೆ, ಷಾಸಿಯಿಂದ ಎಂಜಿನ್ನಿಗೆ.

ಉದಾಹರಣೆಗೆ, ಸೆಲ್ಫ್ ಹೊಡೆದಾಗ ಬ್ಯಾಟರಿಯ ಕಂಬಗಳ ನಡುವೆ 5.3 ವೋಲ್ಟ್ ಇದೆ, ಸ್ಟಾರ್ಟರ್‌ನ ಬೋಲ್ಟು ಮತ್ತು ಮೈಯ ನಡುವೆ 4.1 ಮಾತ್ರ ಇದೆ. ನಡುವೆ 1.2 ವೋಲ್ಟ್ ಕಾಣೆ. ಕೇಬಲ್ಲಿನ ಕಡೆ ಅಳೆದರೆ 0.15, ಅದು ನಿರಪರಾಧಿ. ಉಳಿದ 1.05 ಅರ್ಥಿಂಗ್ ಕಡೆ ಇದೆ. ಕಂಬದಿಂದ ಷಾಸಿಗೆ 0.15, ಷಾಸಿಯಿಂದ ಎಂಜಿನ್ನಿಗೆ 0.9. ಸಿಕ್ಕಿಬಿದ್ದ. ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಅದಕ್ಕೂ ಷಾಸಿಗೂ ಕರೆಂಟಿನ ಸಂಬಂಧ ಇರುವುದು ಒಂದೇ ಒಂದು ಹೆಣೆದ ತಾಮ್ರದ ಪಟ್ಟಿಯಿಂದ. ಕಾರಿಗೆ ಹೊಸ ಬಣ್ಣ ಹೊಡೆಸಿದಾಗ ಆ ಪಟ್ಟಿಯನ್ನು ಬಣ್ಣದ ಮೇಲೆಯೇ ಬಿಗಿದಿರುತ್ತಾರೆ, ಅಥವಾ ಮರೆತೇ ಹೋಗಿರುತ್ತಾರೆ. ಪುನಶ್ಚೇತನಗೊಂಡು ಫಳಫಳ ಹೊಳೆಯುವ ಕಾರುಗಳಲ್ಲಿ ಈ ದೋಷ ಹೆಚ್ಚು. ತುಕ್ಕು ಹಿಡಿದ ಕಾರೇ ಕೆಲವೊಮ್ಮೆ ವಾಸಿ.

ಅರ್ಥಿಂಗ್ ಪಟ್ಟಿ ಕೆಟ್ಟಾಗ ಕರೆಂಟ್ ಸುಮ್ಮನೆ ಕೂರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್ಲಿನ ಅಥವಾ ಆಕ್ಸಿಲರೇಟರ್ ಕೇಬಲ್ಲಿನ ಉಕ್ಕಿನ ತಂತಿಯ ಮೂಲಕ ಎಂಜಿನ್ನಿಗೆ ಸೇರುತ್ತದೆ. ಸೆಲ್ಫ್ ಹೊಡೆದ ಮೇಲೆ ಚೋಕ್ ಗುಂಡಿ ಬಿಸಿಯಾಗಿದ್ದರೆ ಅಥವಾ ಅದರ ಹೊದಿಕೆ ಸುಟ್ಟ ವಾಸನೆ ಬಂದರೆ ಇನ್ನೇನೂ ಅಳೆಯಬೇಕಾಗಿಲ್ಲ.

ಕೈ ಕೂಡ ಒಳ್ಳೆಯ ಮೀಟರ್. ಹಿಂದಿನ ಲೆಕ್ಕದಲ್ಲಿ ಒಂದು ವೋಲ್ಟ್ ನುಂಗಿದ ಆ ಜೋಡಣೆಯಲ್ಲಿ 200 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಶಾಖ 200 ವಾಟ್. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು ಸ್ವಿಚ್ ಬಿಟ್ಟೊಡನೆ ಕ್ಲ್ಯಾಂಪು, ಸ್ವಿಚ್ಚಿನ ಬೋಲ್ಟು, ಪಟ್ಟಿಯ ತುದಿ ಎಲ್ಲವನ್ನೂ ಎಚ್ಚರದಿಂದ ಮುಟ್ಟುತ್ತ ಬನ್ನಿ. ಉಳಿದವು ತಣ್ಣಗಿದ್ದು ಒಂದು ಬಿಸಿಯಾಗಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ಹಂತ 6: ದಾರಿ ದುರಸ್ತಿ

ಕ್ಲ್ಯಾಂಪುಗಳ ಮೇಲಿನ ಬಿಳಿ-ನೀಲಿ ಪುಡಿಗೆ ಅಡುಗೆ ಸೋಡಾ ಬೆರೆಸಿದ ನೀರು ಹಾಕಿ. ನೊರೆ ನಿಲ್ಲುವವರೆಗೆ ಉಜ್ಜಿ, ತೊಳೆದು ಒಣಗಿಸಿ. ಬ್ಯಾಟರಿಯ ಮುಚ್ಚಳಗಳು ಭದ್ರವಾಗಿರಲಿ, ಸೋಡಾ ನೀರು ಒಳಗೆ ಹೋದರೆ ಆಮ್ಲವನ್ನೇ ಕೊಲ್ಲುತ್ತದೆ. ಕಂಬವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಸೀಸದ ಹೊಳಪು ಕಾಣುವ ತನಕ ಉಜ್ಜಿ. ಪಾಸಿಟಿವ್ ಕಂಬ ನೆಗೆಟಿವ್ ಕಂಬಕ್ಕಿಂತ ದಪ್ಪ ಎಂಬುದು ನೆನಪಿರಲಿ. ನೆಗೆಟಿವ್ ಅರ್ಥಿಂಗ್ ಕಾರಿಗೆಂದು ಮಾಡಿದ ಕೇಬಲನ್ನು ಪಾಸಿಟಿವ್ ಅರ್ಥಿಂಗ್ ಕಾರಿಗೆ ಹಾಕಿದರೆ ಒಂದು ಕ್ಲ್ಯಾಂಪ್ ಕೂರುವುದಿಲ್ಲ, ಇನ್ನೊಂದು ಬಿಗಿಯಾಗುವುದಿಲ್ಲ. ವ್ಯಾಸಲೀನ್ ಹಚ್ಚುವುದು ಬಿಗಿದ ಮೇಲೆ, ಹೊರಗಿನಿಂದ.

ಕೇಬಲ್ ವಿಷಯದಲ್ಲಿ ಕಣ್ಣು ಮೋಸ ಹೋಗುತ್ತದೆ. ಹನ್ನೆರಡು ವೋಲ್ಟಿನ ಕಾರಿಗೆ ಮಾರುವ ಕೇಬಲ್ ಹೊರಗಿನಿಂದ ದಪ್ಪವಾಗಿಯೇ ಕಾಣುತ್ತದೆ. ದಪ್ಪ ಇರುವುದು ಪ್ಲಾಸ್ಟಿಕ್ಕಿನಲ್ಲಿ. ಅಮೆರಿಕನ್ ಅಳತೆಯ 4 ಗೇಜ್ ಕೇಬಲ್ಲಿನೊಳಗಿನ ತಾಮ್ರ ಸುಮಾರು 21 ಚದರ ಮಿಲಿಮೀಟರ್. ಆರು ವೋಲ್ಟಿನ ಕಾರಿಗೆ ಬೇಕಾದುದು 0 ಗೇಜ್ ಅಥವಾ 00 ಗೇಜ್, ಅಂದರೆ 53 ಅಥವಾ 67 ಚದರ ಮಿಲಿಮೀಟರ್ ತಾಮ್ರ. ಬೇರೆಲ್ಲವನ್ನೂ ಬಿಟ್ಟು ಇದೊಂದನ್ನು ಸರಿಮಾಡಿದರೂ ಎಷ್ಟೋ ಕಾರುಗಳು ಎದ್ದು ಕೂರುತ್ತವೆ. ಅರ್ಥಿಂಗ್ ಕೇಬಲ್ ಕೂಡ ಅಷ್ಟೇ ದಪ್ಪವಿರಬೇಕು. ಹೋದಷ್ಟೇ ಕರೆಂಟು ಹಿಂದಿರುಗಬೇಕಲ್ಲ.

ಅರ್ಥಿಂಗ್ ತುದಿ ಕೂರುವ ಜಾಗದ ಬಣ್ಣವನ್ನು ಎಮರಿ ಪೇಪರ್‌ನಿಂದ ಬಿಳಿ ಲೋಹ ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಷಾಸಿಯಿಂದ ಎಂಜಿನ್ನಿಗೆ ಅಥವಾ ಗೇರ್‌ಬಾಕ್ಸಿಗೆ ಇನ್ನೊಂದು ಪಟ್ಟಿಯನ್ನು ಹೆಚ್ಚುವರಿಯಾಗಿ ಹಾಕಿದರೆ ಯಾರೂ ಬೇಡ ಎನ್ನುವುದಿಲ್ಲ. ಬೀಟಲ್‌ನಲ್ಲಿ ಗೇರ್‌ಬಾಕ್ಸಿನ ಮುಂಭಾಗದಿಂದ ಬಾಡಿಗೆ ಹೋಗುವ ಪಟ್ಟಿಯನ್ನು ಕಾರಿನಡಿ ಮಲಗಿ ನೋಡಬೇಕು. ಅಂದಹಾಗೆ ಬೀಟಲ್‌ನ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಅದರ ಮೇಲಿನ ಮುಚ್ಚಳ ಕಳೆದುಹೋಗಿದ್ದರೆ ದಪ್ಪಗಿನವರು ಕುಳಿತೊಡನೆ ಸೀಟಿನ ಸ್ಪ್ರಿಂಗ್ ಕಂಬಗಳಿಗೆ ತಾಗಿ ಬೆಂಕಿಯೇ ಹೊತ್ತಿಕೊಳ್ಳಬಹುದು. ಮುಚ್ಚಳ ಇಲ್ಲದೆ ಓಡಿಸಬೇಡಿ.

ಕಾಲಿನಿಂದ ಒತ್ತುವ ಸ್ಟಾರ್ಟರ್ ಸ್ವಿಚ್ ಒಳಗಿನ ತಾಮ್ರದ ಬಿಲ್ಲೆ ವರ್ಷಗಳ ಕಿಡಿಯಿಂದ ಕಪ್ಪಾಗಿ ಗುಳಿಬಿದ್ದಿರುತ್ತದೆ. ಬಿಚ್ಚಿ ಉಜ್ಜಬಹುದು, ಕೆಲವು ಬಿಲ್ಲೆಗಳನ್ನು ಮಗುಚಿ ಹಾಕಬಹುದು. ಕಳ್ಳರ ಭಯಕ್ಕೋ ಬೆಂಕಿಯ ಭಯಕ್ಕೋ ನಡುವೆ ಮಾಸ್ಟರ್ ಸ್ವಿಚ್ ಹಾಕಿಸಿದ್ದರೆ ಅದರ ಎರಡು ತುದಿಗಳ ನಡುವೆಯೂ ಅಳೆಯಿರಿ. ಅಗ್ಗದ ಸ್ವಿಚ್ಚುಗಳು ಅಲ್ಲೇ ತಮ್ಮ ಕಪ್ಪ ವಸೂಲಿ ಮಾಡುತ್ತವೆ.

ಹಂತ 7: ಸ್ಟಾರ್ಟರ್ ಮತ್ತು ಎಂಜಿನ್

ಸ್ಟಾರ್ಟರ್‌ನ ಬೋಲ್ಟಿಗೂ ಮೈಗೂ ನಡುವೆ 4.8 ವೋಲ್ಟಿಗಿಂತ ಹೆಚ್ಚು ತಲುಪುತ್ತಿದ್ದು ಎಂಜಿನ್ ಇನ್ನೂ ನಿಧಾನವೇ? ಹಾಗಾದರೆ ಸ್ಟಾರ್ಟರ್ ಬಿಚ್ಚಬೇಕು. ಬುಷ್‌ಗಳು ಸವೆದು ಆರ್ಮೇಚರ್ (ಒಳಗೆ ತಿರುಗುವ ಭಾಗ) ಒಂದು ಪಕ್ಕಕ್ಕೆ ವಾಲಿ ಒಳಗಿನ ಕಬ್ಬಿಣಕ್ಕೆ ಉಜ್ಜಿದ ಹೊಳೆಯುವ ಗೀರು ಕಾಣಬಹುದು. ಕಾರ್ಬನ್ ಬ್ರಷ್‌ಗಳು ಮೊಂಡಾಗಿರಬಹುದು, ಬ್ರಷ್‌ಗಳು ತಾಗುವ ತಾಮ್ರದ ಕಾಮ್ಯುಟೇಟರ್ ಕಪ್ಪಾಗಿರಬಹುದು. ಜೋಡಿಸುವಾಗ ಸ್ಟಾರ್ಟರ್ ಎಂಜಿನ್ನಿಗೆ ಕೂರುವ ಮುಖದ ಮೇಲೆ ಬಣ್ಣ ಉಳಿಯದಿರಲಿ, ಅದೂ ಅರ್ಥಿಂಗ್ ದಾರಿಯೇ.

ಎಂಜಿನ್ನೇ ಬಿಗಿಯಾಗಿದ್ದರೆ ಯಾವ ಬ್ಯಾಟರಿಯೂ ಸಾಲದು. ಹೊಸದಾಗಿ ಬೋರ್ ಮಾಡಿಸಿದ ಎಂಜಿನ್, ಚಳಿಗೆ ಹೊಂದದ ಮಂದ ಆಯಿಲ್, ಎರಡೂ ಸೆಲ್ಫ್‌ಗೆ ಭಾರ. ಮಾಡೆಲ್ ಎಯಲ್ಲಿ ಸ್ಟೀರಿಂಗ್ ಪಕ್ಕದ ಸ್ಪಾರ್ಕ್ ಲಿವರ್ ಮೇಲಕ್ಕೆ, ಅಂದರೆ ಕಿಡಿ ತಡವಾಗುವ ಕಡೆಗೆ ಇರಬೇಕು. ಕೆಳಗಿದ್ದರೆ ಪಿಸ್ಟನ್ ಮೇಲೇರುವ ಮೊದಲೇ ಕಿಡಿ ಹತ್ತಿ ಎಂಜಿನ್ ಹಿಮ್ಮುಖ ಒದೆಯುತ್ತದೆ; ಹೊರಗಿನಿಂದ ನೋಡುವವರಿಗೆ ಅದು ಬ್ಯಾಟರಿ ಸೋತಂತೆಯೇ ಕಾಣುತ್ತದೆ.

ಹಂತ 8: ಡೈನಮೋ ತುಂಬಿಸುತ್ತಿದೆಯೇ

ಒಂದು ಬಾರಿ ಚಾರ್ಜ್ ಮಾಡಿದರೆ ಎರಡು ಮೂರು ದಿನ ಚೆನ್ನಾಗಿದ್ದು ಮತ್ತೆ ಸೋಲುವ ಬ್ಯಾಟರಿಗೆ ಊಟ ಸಿಗುತ್ತಿಲ್ಲ. ಎಂಜಿನ್ ಐಡ್ಲಿಂಗ್‌ಗಿಂತ ಚುರುಕಾಗಿ ಓಡುತ್ತಿರುವಾಗ ಬ್ಯಾಟರಿಯ ಕಂಬಗಳ ನಡುವೆ ಅಳೆಯಿರಿ. ಡೈನಮೋದ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಇರುವ ಕಾರಿನಲ್ಲಿ, ಬ್ಯಾಟರಿ ತುಂಬಿದ್ದಾಗ, 7.0ರಿಂದ 7.4 ವೋಲ್ಟ್ ಬರಬೇಕು. 6.3ರಲ್ಲೇ ನಿಂತಿದ್ದರೆ ಚಾರ್ಜ್ ಇಲ್ಲ. ಏಳೂವರೆ ದಾಟಿ ಹೋಗುತ್ತಿದ್ದರೆ ಬ್ಯಾಟರಿ ಕುದಿಯುತ್ತಿದೆ, ನೀರು ಬೇಗ ಬೇಗ ಇಳಿಯುವುದು ಅದರ ಗುರುತು.

ಐಡ್ಲಿಂಗ್‌ನಲ್ಲಿ ಡೈನಮೋ ಏನೂ ಕೊಡುವುದಿಲ್ಲ, ಅದು ದೋಷವಲ್ಲ, ಅದರ ಜಾಯಮಾನ. ಇದನ್ನು ಮರೆತರೆ ಸುಮ್ಮನೆ ಡೈನಮೋ ಬಿಚ್ಚುವ ಕೆಲಸವಾಗುತ್ತದೆ. 35 ವಾಟಿನ ಎರಡು ಹೆಡ್‌ಲೈಟ್‌ಗಳು ಆರು ವೋಲ್ಟಿನಲ್ಲಿ ಹನ್ನೆರಡು ಆಂಪಿಯರ್‌ನಷ್ಟು ಎಳೆಯುತ್ತವೆ, ಇಗ್ನಿಷನ್‌ದು ಬೇರೆ. ರಾತ್ರಿ ವಾಹನ ದಟ್ಟಣೆಯಲ್ಲಿ ತೆವಳುತ್ತ ಒಂದು ಗಂಟೆ ಓಡಿಸಿದರೆ ಆ ಇಡೀ ಖರ್ಚು ಬ್ಯಾಟರಿಯ ಕಿಸೆಯಿಂದಲೇ.

ಬೆಲ್ಟ್ ಜಾರುತ್ತಿದೆಯೇ, ಡೈನಮೋದ ಬ್ರಷ್ ಸವೆದಿದೆಯೇ ನೋಡಿ. ಒಂದು ಹಳೆಯ ಒಳ್ಳೆಯ ಪರೀಕ್ಷೆಯಿದೆ: ಬೆಲ್ಟ್ ತೆಗೆದು, ಡೈನಮೋಗೆ ನೇರವಾಗಿ ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ಅದು ಮೋಟರ್‌ನಂತೆ ನಿಧಾನವಾಗಿ, ಸಮನಾಗಿ ತಿರುಗಬೇಕು. ಫೀಲ್ಡ್ (ಒಳಗಿನ ಕಾಂತದ ಸುರುಳಿ) ತುದಿ ಹೊರಗಿರುವ ಡೈನಮೋಗಳಲ್ಲಿ ಅದನ್ನೂ ಆಯಾ ಮಾದರಿಗೆ ತಕ್ಕಂತೆ ಜೋಡಿಸಿರಬೇಕು. ತಿರುಗಿದರೆ ಡೈನಮೋ ಬಹುಮಟ್ಟಿಗೆ ಸರಿ, ಅನುಮಾನ ರೆಗ್ಯುಲೇಟರ್ ಕಡೆಗೆ. ಮಾಡೆಲ್ ಎಯ ಮೂಲ ಡೈನಮೋದಲ್ಲಿ ರೆಗ್ಯುಲೇಟರ್ ಇಲ್ಲ, ಕಟ್‌ಔಟ್ (ಡೈನಮೋ ನಿಂತಾಗ ಅದನ್ನು ಬ್ಯಾಟರಿಯಿಂದ ಬೇರ್ಪಡಿಸುವ ಸ್ವಿಚ್) ಮಾತ್ರ. ಚಾರ್ಜಿನ ಪ್ರಮಾಣವನ್ನು ಮೂರನೆಯ ಬ್ರಷ್ಷನ್ನು ಸರಿಸಿ ಹೊಂದಿಸಬೇಕು. ಅಂಥ ಡೈನಮೋ ಓಡುತ್ತಿರುವಾಗ ಬ್ಯಾಟರಿಯ ಕೇಬಲ್ ಬಿಚ್ಚಿದರೆ ವೋಲ್ಟೇಜು ಹದ್ದು ಮೀರಿ ಏರಿ ಬಲ್ಬುಗಳು ಸುಡುತ್ತವೆ.

ಹಂತ 9: ನಿಂತ ಕಾರಿನಲ್ಲಿ ಸೋರಿಕೆ

ಎಲ್ಲವನ್ನೂ ಆಫ್ ಮಾಡಿ, ಬಾಗಿಲು ಮುಚ್ಚಿ, ಅರ್ಥಿಂಗ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಟೆಸ್ಟ್ ಲ್ಯಾಂಪ್ ಸೇರಿಸಿ. ಬೆಳಗಿದರೆ ದೊಡ್ಡ ಸೋರಿಕೆ. ಬೆಳಗದಿದ್ದರೆ ಅದೇ ಜಾಗದಲ್ಲಿ ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿ ಸೇರಿಸಿ ನೋಡಿ. ಆ ಸ್ಥಿತಿಯಲ್ಲಿ ಯಾರೂ ಸೆಲ್ಫ್ ಮುಟ್ಟಬಾರದು, ಮೀಟರ್ ಹೊಗೆಯಾಗುತ್ತದೆ. 0.1 ಆಂಪಿಯರ್ ಸೋರಿಕೆ ಅಲ್ಪ ಎನಿಸಬಹುದು; ದಿನಕ್ಕೆ 2.4 ಆಂಪಿಯರ್-ಗಂಟೆ, ಮೂರು ವಾರದಲ್ಲಿ 100 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಖಾಲಿ.

ಹುಡುಕಬೇಕಾದ ಜಾಗಗಳು ಕೆಲವೇ: ಆರದ ಗ್ಲೋವ್ ಬಾಕ್ಸ್ ದೀಪ, ಒತ್ತಿಯೇ ಉಳಿದ ಬ್ರೇಕ್ ಲೈಟ್ ಸ್ವಿಚ್, ಹಳೆಯ ಗಡಿಯಾರ, ಹೊದಿಕೆ ಪುಡಿಯಾದ ಬಟ್ಟೆಯ ವೈರಿಂಗ್. ಕಟ್‌ಔಟ್‌ನ ಪಾಯಿಂಟುಗಳು ಅಂಟಿಕೊಂಡಿದ್ದರೆ ಸೋರಿಕೆಯಲ್ಲ, ಪ್ರವಾಹ. ಎಂಜಿನ್ ಆಫ್ ಮಾಡಿದ ಮೇಲೂ ಆಮ್‌ಮೀಟರ್ ಮುಳ್ಳು ಡಿಸ್‌ಚಾರ್ಜ್ ಕಡೆ ಪೂರ್ತಿ ವಾಲಿ ನಿಂತಿದ್ದರೆ ತಡಮಾಡದೆ ಬ್ಯಾಟರಿಯ ಕೇಬಲ್ ಕಳಚಿ.

ದಾರಿಯಲ್ಲಿ ನಿಂತುಹೋದರೆ

ಹನ್ನೆರಡು ವೋಲ್ಟಿನ ಕಾರಿನಿಂದ ಜಂಪ್ ಕೊಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಬ್ಯಾಟರಿ ಸಿಡಿಯಬಹುದು, ಬಲ್ಬು ಮತ್ತು ಗೇಜುಗಳು ಸುಡಬಹುದು, ಸ್ಟಾರ್ಟರ್‌ನ ಹಲ್ಲುಗಳು ಫ್ಲೈವೀಲಿಗೆ ಬಡಿದು ಮುರಿಯಬಹುದು. ಇನ್ನೊಂದು ಆರು ವೋಲ್ಟಿನ ಬ್ಯಾಟರಿ ಇದ್ದರೆ ಸರಿ, ಇಲ್ಲದಿದ್ದರೆ ಹ್ಯಾಂಡಲ್ ತಿರುಗಿಸಿ ಅಥವಾ ತಳ್ಳಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಎಂಜಿನ್ ಹಿಮ್ಮುಖ ಒದ್ದರೆ ಹೆಬ್ಬೆರಳು ಮುರಿಯುವುದು ತಪ್ಪುತ್ತದೆ. ಎಂಟು ವೋಲ್ಟಿನ ಬ್ಯಾಟರಿ ಹಾಕುವ ಚಾಳಿಯೂ ಇದೆ. ರೆಗ್ಯುಲೇಟರನ್ನು ಅದಕ್ಕೆ ಹೊಂದಿಸದಿದ್ದರೆ ಬ್ಯಾಟರಿ ಎಂದೂ ತುಂಬುವುದಿಲ್ಲ, ಹೊಂದಿಸಿದರೆ ಬಲ್ಬುಗಳು ಬಾಳುವುದಿಲ್ಲ. ನನಗಂತೂ ಅದು ರೋಗವನ್ನು ಮುಚ್ಚಿಡುವ ದುಬಾರಿ ದಾರಿ ಎನಿಸುತ್ತದೆ.

ಹೊಸ ಬ್ಯಾಟರಿಯೇ ಬೇಕಾದಾಗ

ಎಲ್ಲ ಅಳತೆಯೂ ಬ್ಯಾಟರಿಯತ್ತಲೇ ಬೆರಳು ತೋರಿದರೆ ಹೊಸದು ತನ್ನಿ. ಜಾಗಕ್ಕೆ ಸರಿಹೊಂದುವವುಗಳಲ್ಲಿ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್ ಹೆಚ್ಚಿರುವುದನ್ನು ಆರಿಸಿ, ಕಂಬಗಳು ಯಾವ ಪಕ್ಕದಲ್ಲಿವೆ ಎಂದು ಹಳೆಯದರ ಜೊತೆ ಹೋಲಿಸಿ. ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟಿರುವ, ಮುಚ್ಚಿದ ಎಜಿಎಂ ಮಾದರಿಯವು ಆಮ್ಲ ಚೆಲ್ಲುವುದಿಲ್ಲ, ಹೆಚ್ಚು ದಿನ ಚಾರ್ಜ್ ಹಿಡಿದಿಡುತ್ತವೆ. ಆದರೆ ಅವುಗಳಿಗೆ ಹೈಡ್ರೋಮೀಟರ್ ಇಳಿಸಲಾಗದು, ಅತಿ ಚಾರ್ಜನ್ನು ಅವು ಸಹಿಸುವುದೂ ಕಡಿಮೆ. ರೆಗ್ಯುಲೇಟರ್ ಇಲ್ಲದ ಮೂರನೆಯ ಬ್ರಷ್ಷಿನ ಡೈನಮೋ ಇರುವ ಕಾರಿಗೆ ನೀರು ಹಾಕಬಹುದಾದ ಸಾದಾ ಬ್ಯಾಟರಿಯೇ ನನ್ನ ಆಯ್ಕೆ.

ಕೂರಿಸಿದ ಮೇಲೆ, ಡೈನಮೋ ಅಥವಾ ರೆಗ್ಯುಲೇಟರನ್ನು ಬಿಚ್ಚಿ ಜೋಡಿಸಿದ್ದರೆ ಎಂಜಿನ್ ಓಡಿಸುವ ಮೊದಲು ಡೈನಮೋಗೆ ಸರಿಯಾದ ಧ್ರುವ ನೆನಪಿಸಬೇಕು. ಇಲ್ಲದಿದ್ದರೆ ಅದು ತಿರುಗುಮುರುಗಾಗಿ ಚಾರ್ಜ್ ಮಾಡಿ ಕಟ್‌ಔಟ್ ಪಾಯಿಂಟುಗಳನ್ನು ಬೆಸೆದುಬಿಡಬಹುದು. ಫೀಲ್ಡ್ ಸುರುಳಿ ರೆಗ್ಯುಲೇಟರ್ ಮೂಲಕ ಅರ್ಥ್ ಆಗುವ ಷೆವರ್ಲೆಯಂಥ ಕಾರುಗಳಲ್ಲಿ ರೆಗ್ಯುಲೇಟರ್‌ನ ಬ್ಯಾಟರಿ ತುದಿಯಿಂದ ಡೈನಮೋ ತುದಿಗೆ ಒಂದು ತಂತಿಯನ್ನು ಕ್ಷಣಮಾತ್ರ ತಾಗಿಸಿದರೆ ಸಾಕು. ಫೀಲ್ಡ್ ಡೈನಮೋದ ಒಳಗೇ ಅರ್ಥ್ ಆಗಿರುವ, ರೆಗ್ಯುಲೇಟರ್ ಇರುವ ಫೋರ್ಡ್‌ಗಳಲ್ಲಿ ಹಾಗೆ ಮಾಡಬಾರದು. ಫೀಲ್ಡ್ ತಂತಿಯನ್ನು ರೆಗ್ಯುಲೇಟರ್‌ನಿಂದ ಬಿಚ್ಚಿ, ಅದರ ತುದಿಯನ್ನು ಬ್ಯಾಟರಿ ತುದಿಗೆ ಒಮ್ಮೆ ತಾಗಿಸಿ ತೆಗೆಯಬೇಕು. ನಿಮ್ಮದು ಯಾವ ಬಗೆ ಎಂದು ಕಾರಿನ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳದೆ ತಂತಿ ಮುಟ್ಟಬೇಡಿ, ತಪ್ಪಿದರೆ ರೆಗ್ಯುಲೇಟರ್‌ನ ಪಾಯಿಂಟುಗಳು ಸುಡುತ್ತವೆ. ಕಾರು ಸ್ಟಾರ್ಟ್ ಆದ ಮೇಲೆ ಆಮ್‌ಮೀಟರ್ ಮುಳ್ಳು ಚಾರ್ಜ್ ಕಡೆಗೆ ಏರಿ ಸ್ವಲ್ಪ ಹೊತ್ತಿನಲ್ಲಿ ಇಳಿಯತೊಡಗುತ್ತದೆ. ವಿಶ್ರಾಂತಿಯಲ್ಲಿ, ಸೆಲ್ಫ್ ಹೊಡೆಯುವಾಗ, ಚಾರ್ಜ್ ಆಗುವಾಗ ಬಂದ ಮೂರು ವೋಲ್ಟೇಜುಗಳನ್ನು ದಿನಾಂಕದೊಂದಿಗೆ ಕಾರಿನ ಕೈಪಿಡಿಯ ಒಳರಟ್ಟಿನ ಮೇಲೆ ಬರೆದಿಡಿ. ಮುಂದಿನ ಪರೀಕ್ಷೆಯಲ್ಲಿ ಹೋಲಿಸಿ ನೋಡಲು ಬೇಕಾಗುತ್ತವೆ.